ಕುಶಲಕ್ಕನ ಬಂಗುಡೆ ನೀರಿಗೆ ಹಾರಿದ್ದು

ಎರ್ಮಾಳಿನ ಕುಶಲಕ್ಕನ ಅಡುಗೆಕೋಣೆಯ ಕಿಟಕಿ ತೆರೆದರೆ ಅರಬ್ಬಿ ಸಮುದ್ರ ಇಡಿಯಾಗಿ ಒಳಗೆ ಬರುತ್ತದೆ. ಇದು ಉಬ್ಬಿಸಿ ಹೇಳಿದ ಮಾತಲ್ಲ. ಉಪ್ಪುಗಾಳಿ ತಿಂದು ತಿಂದು ಆ ಕಿಟಕಿಯ ಸರಳುಗಳು ಹಿಡಿಸೂಡಿಯ ಕಡ್ಡಿಯಷ್ಟಾಗಿವೆ. ಮಳೆಗಾಲದ ಆಟಿ ತಿಂಗಳಲ್ಲಿ ತೆರೆ ಎದ್ದರೆ ಒಲೆಯ ಮೇಲಿನ ಸಾರಿಗೆ ಬೇರೆ ಉಪ್ಪು ಹಾಕುವ ಅಗತ್ಯವೇ ಬೀಳುವುದಿಲ್ಲ. ಅಷ್ಟು ನೀರು ಕಣ್ಣೆದುರು ಬಿದ್ದುಕೊಂಡಿರುವಾಗ, ಅದಕ್ಕೇ ಬೆನ್ನು ಹಾಕಿ ಕುಳಿತು, ಒಂದು ಸ್ಟೀಲ್ ಬಟ್ಟಲಿಗೆ ಎರಡು ಲೋಟ ನೀರು ಹೊಯ್ದು, ಅದರ ಫೋಟೋ ತೆಗೆಯುವ ಗಂಡಸು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಕುಶಲಕ್ಕನ ಅಳಿಯನೇ ಆಗಬೇಕೆ?

ಅಳಿಯ ತಿಲಕ್ ಕಾರ್ಕಳದವನು. ಕಾರ್ಕಳವೆಂದರೆ ಬಂಡೆಯ ಊರು; ಕಲ್ಲು ನೋಡುತ್ತ ಹುಟ್ಟಿ ಕಲ್ಲು ನೋಡುತ್ತ ಬೆಳೆದವರು ನೀರು ಕಂಡರೆ ಹೀಗೆಯೇ ಆಡುವುದು ಎಂಬುದು ಕುಶಲಕ್ಕನ ಸಿದ್ಧಾಂತ. ಅಲ್ಲಿಯ ಒಂದು ಸ್ಟುಡಿಯೋದಲ್ಲಿ ಅವನು ಹತ್ತು ವರ್ಷ ಮದುವೆ ಫೋಟೋ ತೆಗೆದಿದ್ದ. ಎಷ್ಟು ಮದುವೆ ಎಂದರೆ, ಅವನ ಕ್ಯಾಮೆರಾದ ಎದುರು ನಗದೆ ಕಾರ್ಕಳ ತಾಲೂಕಿನಲ್ಲಿ ಯಾರಿಗೂ ಮಕ್ಕಳಾದದ್ದಿಲ್ಲ. ಕಡೆಗೊಂದು ದಿನ ಮದುಮಗನ ಸೋದರಮಾವ ಬಂದು, "ಆಲ್ಬಮಿನಲ್ಲಿ ನನ್ನ ತಲೆಗೆ ಸ್ವಲ್ಪ ಕೂದಲು ಹಾಕಿ ಕೊಡು ಮಾರಾಯ" ಅಂದಾಗ ಅವನಿಗೆ ವೈರಾಗ್ಯ ಬಂತು. ಕೆಲಸ ಬಿಟ್ಟ. ಹೆಂಡತಿ ನವ್ಯಶ್ರೀ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಎರ್ಮಾಳಿನಿಂದ ಹೆದ್ದಾರಿ ಬಸ್ಸು ಸಲೀಸು ಎಂಬ ನೆಪ ಹಿಡಿದು ಮೂರು ತಿಂಗಳಿಂದ ಅತ್ತೆಮನೆಯಲ್ಲೇ ಝಾಂಡಾ ಹೂಡಿದ್ದ. "ಕ್ರಿಯೇಟಿವ್ ಮಾಡ್ತೇನೆ" ಅಂದಿದ್ದ. ಕುಶಲಕ್ಕ ಅದು ಯಾವುದೋ ಔಷಧಿಯ ಹೆಸರು ಎಂದೇ ಎರಡು ವಾರ ತಿಳಿದಿದ್ದಳು.

ಔಷಧಿಯೇ ಇರಬೇಕು ಅನ್ನಿಸುವ ಹಾಗೆಯೇ ಇತ್ತು ಅವನ ಸಲಕರಣೆ. ಮಣಿಪಾಲದ ಮೆಡಿಕಲ್‌ನಿಂದ ಹೆಂಡತಿಯ ಕೈಯಲ್ಲಿ ಗ್ಲೂಕೋಸ್ ಏರಿಸುವ ನಳಿಗೆ ತರಿಸಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಬಾಟಲಿ ತಲೆಕೆಳಗಾಗಿ ಕಟ್ಟಿ, ಕೆಳಗೆ ಬಟ್ಟಲಿಟ್ಟು, ಹಿಂದೆ ಮಾವನ ಕಾಲದ ಕಪ್ಪು ಕೊಡೆ ಬಿಚ್ಚಿ ನಿಲ್ಲಿಸಿದ್ದ. ಹನಿ ಬೀಳುವುದು, ಇವನು ಟಪ್ ಎಂದು ಬೆಳಕು ಹೊಡೆಯುವುದು. ಮತ್ತೆ ಹನಿ, ಮತ್ತೆ ಬೆಳಕು. ಪಕ್ಕದ ಮನೆಯವರು ಯಾರಿಗೋ ಸೀರಿಯಸ್ ಎಂದು ಭಾವಿಸಿ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು.

ಅಳಿಯನನ್ನು ಬಹುವಚನದಲ್ಲಿ ಮಾತನಾಡಿಸುವುದು ಆ ಮನೆಯ ಕ್ರಮ. ಕುಶಲಕ್ಕ ಕ್ರಮ ತಪ್ಪಿದವಳಲ್ಲ. ಆದರೆ ಅವಳ ಬಹುವಚನದಲ್ಲಿ ಯಾವಾಗಲೂ ಒಂದು ಹಿಡಿ ಉಪ್ಪು ಹೆಚ್ಚೇ ಬಿದ್ದಿರುತ್ತಿತ್ತು.

"ತಿಲಕರೇ, ಬಟ್ಟಲು ಬೇಕಿತ್ತು. ನಿಮ್ಮ ಸಮುದ್ರವನ್ನು ಎಲ್ಲಿಗೆ ಚೆಲ್ಲಲಿ?"

"ಎರಡು ನಿಮಿಷ ಮಾಮಿ. ಹನಿ ಬಿದ್ದಾಗ ನೀರು ಕಿರೀಟದ ಹಾಗೆ ಏಳುತ್ತದೆ. ನಮ್ಮ ಕಣ್ಣಿಗೆ ಸಿಕ್ಕುವುದಿಲ್ಲ ಅದು."

"ಕಣ್ಣಿಗೆ ಸಿಕ್ಕದ್ದನ್ನು ನೋಡಿ ಎಂತ ಮಾಡುವುದು? ಹೊಟ್ಟೆಗೆ ಸಿಕ್ಕುತ್ತದಾ?"

"ನೋಡಿ, ಇಲ್ಲಿ ಬಂದಿದೆ. ಒಮ್ಮೆ ನೋಡಿ ಮಾಮಿ."

"ನೀರು ನೋಡಲಿಕ್ಕೆ ನನಗೆ ಕಿಟಕಿ ಉಂಟು" ಅಂದು ಅವಳು ಬಟ್ಟಲನ್ನು ಬಗ್ಗಿಸಿ ಕಿರೀಟವನ್ನು ಬಸಳೆಯ ಬುಡಕ್ಕೆ ಹೊಯ್ದಳು.

ಹನಿಯ ಹುಚ್ಚು ಇಳಿದ ಮೇಲೆ ಎಣ್ಣೆಯ ಹುಚ್ಚು ಹತ್ತಿತು. ನೀರಿನ ಮೇಲೆ ತೆಂಗಿನೆಣ್ಣೆ ಬಿಟ್ಟು, ಕೆಳಗೆ ನವ್ಯಶ್ರೀಯ ಮದುವೆ ಸೀರೆ ಹಾಸಿ, ಗುಳ್ಳೆ ಗುಳ್ಳೆಯಾಗಿ ಬಣ್ಣ ತೆಗೆದ. ಆಮೇಲೆ ಬಲೂನಿಗೆ ನೀರು ತುಂಬಿಸಿ ಸೂಜಿ ಚುಚ್ಚಿದ. ಅಡುಗೆಕೋಣೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಅಷ್ಟೂ ಏಕಾದಶಿಗಳು ತೊಳೆದುಹೋದವು. ಆಮೇಲೆ ಕಾರ್ಕಳದಿಂದ ಯಾರೋ ಬಿಸಾಡಿದ ಗಾಜಿನ ತೊಟ್ಟಿಯೊಂದನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಅಪ್ಪಿಕೊಂಡು ತಂದ. ಅದರಲ್ಲಿ ಬಣ್ಣದ ಮೀನು ಸಾಕುತ್ತಾನೆ ಎಂದುಕೊಂಡರೆ, ಟೊಮೆಟೋ, ಹಾಗಲಕಾಯಿ, ಕಡೆಗೆ ತೆಂಗಿನಕಾಯಿ ಎತ್ತಿಹಾಕಿ ನೀರು ಎದ್ದದ್ದರ ಫೋಟೋ ತೆಗೆದ. ಕುಶಲಕ್ಕ ಇದನ್ನೆಲ್ಲ ಕಾಪುವಿನ ಮಾರ್ಕೆಟ್ಟಿನಲ್ಲಿ ಮೀನು ಕೊಡುತ್ತಲೇ ವರದಿ ಮಾಡುತ್ತಿದ್ದಳು. "ಇವತ್ತು ಹಾಗಲಕಾಯಿಗೆ ಸ್ನಾನ" ಎಂದು ಅವಳು ಅಂದರೆ ಸಾಲಿನ ಮೀನಿನ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ನಗುತ್ತಿದ್ದರು. ಆ ನಗೆ ಲೈಟ್‌ಹೌಸಿನ ತುದಿಗೂ ಕೇಳುತ್ತಿತ್ತು.

ಮಾರ್ಕೆಟ್ಟಿನಲ್ಲಿ ಕುಶಲಕ್ಕನ ಮಾತಿಗೆ ಆ ತೂಕ ಸುಮ್ಮನೆ ಬಂದದ್ದಲ್ಲ. ಮೂವತ್ತೆರಡು ವರ್ಷ ಅವಳು ಅದೇ ಜಾಗದಲ್ಲಿ ಕುಳಿತವಳು. ಅವಳ ಬುಟ್ಟಿಯ ಮೀನಿನ ಕಿವಿರು ಎತ್ತಿ ಯಾರೂ ನೋಡುವುದಿಲ್ಲ. ನೋಡಿದರೆ, ನೋಡಿದವರಿಗೆ ಅವಳು ಆ ಜನ್ಮದಲ್ಲಿ ಮತ್ತೆ ಮೀನು ಕೊಡುವುದಿಲ್ಲ. ಟೀಚರಾಗಿದ್ದು ರಿಟೈರ್ ಆದ ಗ್ಲ್ಯಾಡಿಸ್ ಬಾಯಿ ಎಂಬವರು ಮೀನನ್ನು ಕಣ್ಣುಮುಚ್ಚಿ ಚೀಲಕ್ಕೆ ಹಾಕಿಸಿಕೊಂಡು ಹೋಗುವುದು ಇಡೀ ಕಾಪುವಿನಲ್ಲಿ ಇವಳೊಬ್ಬಳಿಂದ ಮಾತ್ರ. ನಿನ್ನೆಯ ಮೀನು ಕುಶಲಕ್ಕನ ಬುಟ್ಟಿಯ ಮೇಲಿಂದ ಹಾದುಹೋಗಲೂ ಹೆದರುತ್ತದೆ ಎಂದು ದೋಣಿಯವರು ಹೇಳುವುದುಂಟು.

ಹಾಗಾಗಿಯೇ ಹಿರಿಯಡ್ಕದ ಶೇಖರ ಅವಳನ್ನು ಹುಡುಕಿಕೊಂಡು ಬಂದದ್ದು.

ಶೇಖರ ಮಣಿಪಾಲದಲ್ಲಿ ಮೀನಿನ ಹೋಟೆಲು ಹಾಕುವವನಿದ್ದ. ಗದ್ದೆ, ಕೋಳಿ, ಅಂಗಡಿ ಎಲ್ಲ ಮಾಡಿ ಗೆದ್ದವನು. ಆದರೆ ಕರಾವಳಿಯವರು ಒಳನಾಡಿನ ಹಿರಿಯಡ್ಕದವನ ಮೀನನ್ನು ನಂಬಬೇಕಲ್ಲ. "ಅವರ ಊರಿಗೆ ಮೀನು ಮುಟ್ಟುವಾಗ ಅದಕ್ಕೆ ಮೊಮ್ಮಕ್ಕಳಾಗಿರುತ್ತವೆ" ಎಂದು ಕುಶಲಕ್ಕನೇ ಹಿಂದೆ ಹೇಳಿದ್ದಳು. ಅದು ಅವನಿಗೂ ಗೊತ್ತಿತ್ತು. ಆದ್ದರಿಂದ ಅವಳ ಜಗಲಿಯಲ್ಲಿ ಕುಳಿತು ಕೈಮುಗಿಯುವುದೊಂದು ಬಾಕಿ ಇಟ್ಟು ಕೇಳಿದ.

"ದಿನಾ ಬೆಳಗ್ಗೆ ನಿಮ್ಮ ಮೀನೇ ಬರಬೇಕು ಕುಶಲಕ್ಕ. ಒಳಗೆ ಹೋಗುವಾಗಲೇ ಎದುರಿನ ಗೋಡೆಯಲ್ಲಿ ದೊಡ್ಡದಾಗಿ ಒಂದು ಫೋಟೋ. ಮೀನು ನೀರಿನಿಂದ ಹಾರುವುದು. ಕೆಳಗೆ ಬರೆಸುತ್ತೇನೆ, ‘ಎರ್ಮಾಳಿನ ಕುಶಲಕ್ಕನ ಮೀನು’ ಅಂತ. ನಿಮ್ಮ ಅಳಿಯ ನೀರಿನ ಫೋಟೋದಲ್ಲಿ ಭಾರಿ ಹುಷಾರು ಅಂತ ಕೇಳಿದ್ದೇನೆ."

ಕುಶಲಕ್ಕ ಇದನ್ನು ಗೇಲಿ ಅಂದುಕೊಂಡು ನಕ್ಕಳು. ಶೇಖರ ನಗಲಿಲ್ಲ. ಮೂವತ್ತೆರಡು ವರ್ಷದ ಹೆಸರು ಗೋಡೆಗೆ ಏರುವುದು ಸಣ್ಣ ಮಾತಲ್ಲ, ಅವಳು ಒಪ್ಪಿದಳು. ಆದರೆ ಮೀನು ಯಾವುದು ಎಂಬಲ್ಲಿ ಪಟ್ಟು ಹಿಡಿದಳು.

"ಅಂಜಲ್ ಆದರೆ ಚೆಂದ ಮಾಮಿ" ಅಂದ ತಿಲಕ್.

"ನೀರಿಗೆ ಎತ್ತಿಹಾಕಲಿಕ್ಕೆ ದುಬಾರಿ ಅಂಜಲ್ ಕೊಡುವಷ್ಟು ನನಗೆ ನೆತ್ತಿಗೇರಿಲ್ಲ. ಒಂದು ಬಂಗುಡೆ ಕೊಡ್ತೇನೆ. ಒಂದೇ. ಅದರಲ್ಲೇ ನಿಮ್ಮ ಸರ್ಕಸ್ ಮುಗಿಸಿ."

ಒಂದು ಬಂಗುಡೆ ಕೊಟ್ಟಳು. ಅಂದೇ ದೋಣಿಯಿಂದ ಇಳಿದದ್ದು, ಕೊಟ್ಟ ಗಳಿಗೆಯಲ್ಲಿ ಅದರ ಕಣ್ಣು ಜಾತ್ರೆಗೆ ಹೊರಟ ಮದುಮಗಳ ಕಣ್ಣಿನ ಹಾಗಿತ್ತು. ತಿಲಕ್ ಗಾಜಿನ ತೊಟ್ಟಿಯನ್ನು ಅಂಗಳದ ತುಳಸಿಕಟ್ಟೆಯ ಪಕ್ಕಕ್ಕೆ ಸಾಗಿಸಿ, ಕೊಡೆ ನಿಲ್ಲಿಸಿ, ಎರಡು ಬದಿಯಲ್ಲಿ ಬೆಳಕು ಇಟ್ಟು, ಮೀನನ್ನು ತಲೆ ಮೇಲೆ ಬಾಲ ಕೆಳಗೆ ಹಿಡಿದು ನೀರಿಗೆ ಬಿಡತೊಡಗಿದ. ಬಾಲ ನೀರಿಗೆ ತಾಗಿ ಸುತ್ತ ನೀರು ಮೇಲೆದ್ದ ಹೊತ್ತಿಗೆ ಫೋಟೋ ಹಿಡಿದರೆ ಮೀನು ನೀರಿನಿಂದ ಹಾರಿದ ಹಾಗೆಯೇ ಕಾಣಬೇಕು, ಅದು ಅವನ ಲೆಕ್ಕಾಚಾರ. ಮೊದಲ ದಿನ ಮೀನು ಅಡ್ಡ ಬಿತ್ತು. ಸಂಜೆ ಅದನ್ನು ತೊಳೆದು ಫ್ರಿಜ್ಜಿನಲ್ಲಿಟ್ಟ. ಎರಡನೆಯ ದಿನ ನೀರು ಎದ್ದರೂ ಒಂದು ಬದಿಗೆ ಎದ್ದಿತು. ಮತ್ತೆ ಫ್ರಿಜ್ಜು. ಮೂರನೆಯ ದಿನ, ಸಾವಿರದ ಇನ್ನೂರನೆಯ ಸಲವೋ ಎರಡು ಸಾವಿರದ ಇನ್ನೂರನೆಯ ಸಲವೋ, ಮೀನು ನೆಟ್ಟಗೆ ಇಳಿಯಿತು. ನೀರು ಸುತ್ತಲೂ ಒಂದೇ ಎತ್ತರಕ್ಕೆ ಎದ್ದು ತಾವರೆಯ ಹಾಗೆ ಬಿರಿಯಿತು. ತಿಲಕ್ ಕ್ಯಾಮೆರಾ ಹಿಡಿದುಕೊಂಡು ಅಡುಗೆಕೋಣೆಗೆ ಓಡಿಬಂದ.

"ಬಂತು ಮಾಮಿ. ಪ್ರಿಂಟಿಗೆ ಕೊಡುವ ಮೊದಲು ನೀವೊಮ್ಮೆ ನೋಡಬೇಕು. ನಿಮ್ಮ ಹೆಸರು ಬರುವುದಲ್ವಾ."

ಕುಶಲಕ್ಕ ಮಸಾಲೆ ರುಬ್ಬುತ್ತಿದ್ದಳು. ತಲೆ ಎತ್ತಲಿಲ್ಲ.

"ನೀರಿನಲ್ಲಿ ನೋಡುವಂಥದ್ದು ಎಂತ ಉಂಟು ತಿಲಕರೇ? ಒದ್ದೆ ಉಂಟಾ?"

"ಉಂಟು ಮಾಮಿ."

"ಹಾಗಾದರೆ ಸರಿ ಉಂಟು. ಕೊಡಿ ಪ್ರಿಂಟಿಗೆ."

ಮೂರು ದಿನ ಡ್ಯೂಟಿಯಲ್ಲಿ ಬಳಲಿ ಬಂದ ನವ್ಯಶ್ರೀಗೆ ಅವನು ಕ್ಯಾಮೆರಾದ ಬೆನ್ನಿನ ಚಿಕ್ಕ ಪರದೆಯಲ್ಲಿ ತೋರಿಸಿದ. ಅಲ್ಲಿ ಮೀನೇ ಬೆಂಡೆಕಾಯಿಯಷ್ಟಿತ್ತು. "ಲಾಯಿಕ್ ಬಂದಿದೆ" ಅಂದು ಅವಳು ಮಲಗಿದಳು.

ಹೋಟೆಲಿನ ಆರಂಭ ಆದಿತ್ಯವಾರ ಬೆಳಗ್ಗೆ ಹನ್ನೊಂದಕ್ಕೆ ಎಂದಾಗಿತ್ತು. ಶನಿವಾರ ಮಧ್ಯಾಹ್ನ ಮೀನು ಮುಗಿಸಿ ಕುಶಲಕ್ಕ ಒಳ್ಳೆಯ ಸೀರೆಯುಟ್ಟು ಅಳಿಯನ ಬೈಕಿನಲ್ಲಿ ಮಣಿಪಾಲಕ್ಕೆ ಹೋದಳು. ಹೆಸರು ಹೇಗೆ ಬರೆದಿದ್ದಾರೆ ನೋಡಬೇಕಿತ್ತು ಅವಳಿಗೆ. ಶೇಖರ ಬಾಗಿಲಲ್ಲೇ ನಿಂತಿದ್ದ. ಫೋಟೋ ಗೋಡೆ ತುಂಬ ಇತ್ತು. ಗೋಡೆ ಸಾಲದೆ ಮೂಲೆ ತಿರುಗಿ ಸ್ವಲ್ಪ ಕೈ ತೊಳೆಯುವ ಜಾಗಕ್ಕೂ ಹೋಗಿತ್ತು. ಮೀನು ಒಂದು ದೋಣಿಯಷ್ಟು. ಎದ್ದ ನೀರಿನ ಒಂದೊಂದು ದಳ ಬಾಳೆಯೆಲೆಯಷ್ಟು. ಕೆಳಗೆ ಅವಳ ಹೆಸರು ಮೂರು ಊರಿಗೆ ಕಾಣುವಂಥ ಅಕ್ಷರದಲ್ಲಿ. ಅಡುಗೆಯವರು, ಮೇಜು ಒರೆಸುವವರು, ಬಣ್ಣ ಬಳಿಯುವವರು ಎಲ್ಲ ಅದರೆದುರು ನಿಂತು ಮೊಬೈಲಿನಲ್ಲಿ ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು.

ಕುಶಲಕ್ಕ ಕಣ್ಣು ನೋಡಿದಳು.

ಎರ್ಮಾಳಿನಲ್ಲಿ ಹುಟ್ಟಿದವರು ಮೊದಲು ನೋಡುವುದು ಕಣ್ಣು. ಮಗು ಹುಟ್ಟಿದರೂ ಅಷ್ಟೆ, ಮೀನು ಬಂದರೂ ಅಷ್ಟೆ. ಆ ಬಂಗುಡೆಯ ಕಣ್ಣು ಇಲ್ಲಿ ಅಕ್ಕಿ ಕೇರುವ ಗೆರಸೆಯಷ್ಟು ಅಗಲವಿತ್ತು, ಬೆಂದ ಬೆಳ್ಳುಳ್ಳಿಯ ಹಾಗೆ ಬೆಳ್ಳಗಿತ್ತು. ನಡು ಒಳಗೆ ಕುಸಿದಿತ್ತು. ಕಿವಿರಿನ ಅಂಚು ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಬಳಿ ಚರ್ಮದ ಹೊಳಪು ಹೋಗಿ, ಫ್ರಿಜ್ಜಿನ ಕಪಾಟಿನ ಸರಳು ಒತ್ತಿದ ಗೆರೆ ಕೂಡ ಎಣಿಸುವ ಹಾಗೆ ಕಾಣುತ್ತಿತ್ತು. ಮೂರು ದಿನದ ಮೀನು. ಮೂರು ದಿನದ ಮೀನು ಸ್ವರ್ಗಕ್ಕೆ ಹಾರುವಂತೆ ಹಾರುತ್ತಿತ್ತು, ಅದರ ಬುಡದಲ್ಲಿ ಅವಳ ಹೆಸರು.

"ಹೇಗುಂಟು?" ಅಂದ ಶೇಖರ.

"ಸತ್ತು ಮೂರು ದಿನ ಆಗಿದೆ."

"ಯಾರು?"

"ಇದು" ಎಂದು ಅವಳು ಬೆರಳು ತೋರಿಸಿದಳು. "ನಾಳೆ ಯಾರೆಲ್ಲ ಬರ್ತಾರೆ?"

ಶೇಖರ ಹೆಮ್ಮೆಯಿಂದ ಎಣಿಸಿದ. ಕಾಪುವಿನವರು, ಮಲ್ಪೆಯ ದೋಣಿ ಮಾಲಕರು, ಎರ್ಮಾಳಿನ ಚಂದಣ್ಣ, ಉಡುಪಿ ಮಾರ್ಕೆಟ್ಟಿನ ಹೆಂಗಸರು. ಒಬ್ಬೊಬ್ಬರ ಹೆಸರು ಬಂದ ಹಾಗೆ ಕುಶಲಕ್ಕನ ಬೆನ್ನಿನಲ್ಲಿ ಒಂದೊಂದು ಮುಳ್ಳು ನೆಟ್ಟಂತಾಯಿತು. ನಾಳೆ ಮಧ್ಯಾಹ್ನದ ಒಳಗೆ ಕರಾವಳಿಯಲ್ಲಿ ಮೀನಿನ ಕಣ್ಣು ಓದಬಲ್ಲವರೆಲ್ಲ ಈ ಗೋಡೆಯ ಮುಂದೆ ನಿಂತಿರುತ್ತಾರೆ. ಸೋಮವಾರ ಕಾಪುವಿನಲ್ಲಿ ಗ್ಲ್ಯಾಡಿಸ್ ಬಾಯಿ ಅವಳ ಬುಟ್ಟಿಗೆ ಬಗ್ಗಿ, ಎರಡು ಬೆರಳಿನಿಂದ ಬಂಗುಡೆಯ ಕಿವಿರು ಎತ್ತುತ್ತಾರೆ. ಆ ಎರಡು ಬೆರಳು ಅವಳ ಕಣ್ಣಿಗೆ ಈಗಲೇ ಕಂಡವು.

"ಫ್ಲ್ಯಾಶ್ ಬಿದ್ದು ಬಿಳಿ ಕಾಣುವುದು ಅಲ್ವಾ?" ಅಂದ ಶೇಖರ.

"ಹಿರಿಯಡ್ಕದಲ್ಲಿ ಹಾಗೆ ಹೇಳ್ತಾರಾ? ನಮ್ಮಲ್ಲಿ ಅದಕ್ಕೆ ಹಳಸಿದ್ದು ಅಂತಾರೆ."

ತಿಲಕ್ ಹತ್ತಿರ ಹೋಗಿ ನೋಡಿದ, ದೂರ ಬಂದು ನೋಡಿದ. ಮೂರು ದಿನ ಆ ಮೀನನ್ನು ಎತ್ತಿ ಹಾಕಿದವನು ಅದನ್ನು ಒಮ್ಮೆಯೂ ನೋಡಿರಲಿಲ್ಲ; ನೀರನ್ನೇ ನೋಡಿದ್ದ. ಈಗ ಅವನ ಮುಖವೂ ಆ ಕಣ್ಣಿನ ಬಣ್ಣಕ್ಕೇ ಬಂತು.

"ಕಂಪ್ಯೂಟರಿನಲ್ಲಿ ಕಣ್ಣು ಸರಿಮಾಡ್ತೇನೆ ಮಾಮಿ. ಬೇರೆ ಮೀನಿನ ಕಣ್ಣು ಕತ್ತರಿಸಿ ಕೂರಿಸಿದರೆ ಒಂದು ಗಂಟೆಯ ಕೆಲಸ."

"ಹೌದು. ಬೋಳುತಲೆಗೆ ಕೂದಲು ನೆಟ್ಟ ಹಾಗೆ. ಆ ಕೆಲಸ ಬಿಟ್ಟು ಬಂದವರಲ್ವಾ ನೀವು?" ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಕೊರೆಯಿತು. "ಕಿವಿರಿಗೆ ಬಣ್ಣ ಬಳಿದು ಮಾರುವವರನ್ನು ನಾನು ನೋಡಿದ್ದೇನೆ. ಅವರ ಪಕ್ಕದಲ್ಲಿ ನಾನು ಬುಟ್ಟಿಯನ್ನೂ ಇಟ್ಟದ್ದಿಲ್ಲ. ನನ್ನ ಹೆಸರಿನ ಮೇಲೆ ಬಳಿದ ಕಣ್ಣು ಬೇಡ."

"ನೀವೇ ಅಲ್ವಾ ನೋಡುವುದಿಲ್ಲ ಅಂದದ್ದು" ಎಂದು ತಿಲಕ್ ಮೆಲ್ಲಗೆ ಅಂದ. "ಒಂದೇ ಮೀನು ಕೊಟ್ಟದ್ದೂ ನೀವೇ."

ಮೂರು ತಿಂಗಳಲ್ಲಿ ಅವನು ಅತ್ತೆಗೆ ಹೇಳಿದ ಮೊದಲ ನೆಟ್ಟಗಿನ ಮಾತು ಅದು. ತಪ್ಪು ತನ್ನದಾದಾಗ ಕುಶಲಕ್ಕ ಬೇರೆಯವರನ್ನು ಬಯ್ಯುತ್ತಾಳೆ. ಹಾಗಾಗಿ ಶೇಖರನ ಕಡೆ ತಿರುಗಿದಳು.

"ನಾಳೆ ಹತ್ತೂವರೆಗೆ ಬೇರೆ ಫೋಟೋ ಬರ್ತದೆ. ಬಾರದಿದ್ದರೆ ಇದನ್ನೇ ಇಟ್ಟುಕೊಳ್ಳಿ, ನನ್ನ ಹೆಸರು ಕೆರೆದು ತೆಗೆಯಿರಿ. ಮೀನೂ ಬರುವುದಿಲ್ಲ."

ಕುಶಲಕ್ಕನ ಹೆಸರಿಲ್ಲದ ಮೀನಿನ ಹೋಟೆಲು ಹಿರಿಯಡ್ಕದ ಕೋಳಿ ಹೋಟೆಲಿಗಿಂತ ಕಡೆ ಎಂದು ಶೇಖರನಿಗೂ ಗೊತ್ತಿತ್ತು. ಪ್ರಿಂಟಿನವನಿಗೆ ಆದಿತ್ಯವಾರ ಬೆಳಗ್ಗೆ ಅಂಗಡಿ ತೆರೆದಿಡಲು ಹೇಳಿದ.

ಮರುದಿನ ಬೆಳಕು ಹರಿಯುವಾಗ ಕುಶಲಕ್ಕ ಕಡಲ ಬದಿಯಲ್ಲಿದ್ದಳು. ಚಂದಣ್ಣನ ದೋಣಿ ದಡಕ್ಕೆ ಬಂದದ್ದೇ ಅವಳು ಮೊಣಕಾಲ ನೀರಿಗೆ ಇಳಿದು ಬಂಗುಡೆಗಳನ್ನು ತಾನೇ ಆರಿಸಿದಳು. ಹೋಟೆಲಿನ ಪಾಲನ್ನು ಮಣಿಪಾಲದ ರಿಕ್ಷಾಕ್ಕೆ ಹಾಕಿ, ಉಳಿದ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಬಂದರೆ ತಿಲಕ್ ತೊಟ್ಟಿ ತುಂಬಿಸಿ, ಬೆಳಕು ಕಟ್ಟಿ, ಕೊಡೆ ಬಿಚ್ಚಿ ತಯಾರಾಗಿದ್ದ. ನವ್ಯಶ್ರೀ ಕ್ಯಾಮೆರಾದ ಗುಂಡಿ ಒತ್ತಲು ನಿಂತಿದ್ದಳು.

ತಿಲಕ್ ಮೊದಲ ಬಂಗುಡೆ ಹಿಡಿದ. ಅದು ಅವನ ಕೈಯಿಂದ ಜಾರಿ ತುಳಸಿಕಟ್ಟೆ ಹತ್ತಿತು. ಎರಡನೆಯದು ತೊಟ್ಟಿಯ ಅಂಚಿಗೆ ಬಡಿಯಿತು. ಮೂರನೆಯದು ನೀರಿಗೆ ಬಿತ್ತು, ಆದರೆ ಮಲಗಿಕೊಂಡು. ಮೂರು ದಿನದ ಮೀನು ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಆ ಬೆಳಗ್ಗಿನ ಬಂಗುಡೆ ಲೋಳೆಯಲ್ಲಿ ಮಿಂದು, ಬಿಲ್ಲಿನ ಹಾಗೆ ಸೆಟೆದು, ಸತ್ತ ಮೇಲೂ ಯಾರ ಮಾತನ್ನೂ ಕೇಳದ ಹಟದಲ್ಲಿತ್ತು.

"ಸರಿಯಿರಿ ಆಚೆ" ಎಂದಳು ಕುಶಲಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹತ್ತು ವರ್ಷ ಮದುವೆಯಲ್ಲಿ ಅಕ್ಷತೆ ಹಾಕುವುದನ್ನು ನೋಡಿಯೂ ಕೈ ಬೀಸಲಿಕ್ಕೆ ಕಲಿಯಲಿಲ್ಲ ನೀವು."

ಮೂವತ್ತೆರಡು ವರ್ಷ ಬುಟ್ಟಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಚೀಲಕ್ಕೆ ಮೀನು ಎಸೆದ ಕೈ ಅದು. ಎಂಟು ಅಡಿ ದೂರದ ಗಿರಾಕಿಯ ಚೀಲದ ಬಾಯಿಗೆ, ಗಿರಾಕಿ ಚೌಕಾಸಿ ಮಾಡುತ್ತಿರುವಾಗಲೇ ಬಂಗುಡೆ ಇಳಿಸಬಲ್ಲಳು. ಬಂಗುಡೆಯನ್ನು ತಲೆಯ ಕಡೆಯಿಂದ ಎರಡು ಬೆರಳಿನಲ್ಲಿ ಹಿಡಿದು ಒಮ್ಮೆ ತೂಗಿದಳು, ಬಿಟ್ಟಳು. ಅದು ದಾರ ಕಟ್ಟಿ ಇಳಿಸಿದ ಹಾಗೆ ನೆಟ್ಟಗೆ ಇಳಿಯಿತು. ಟಪ್ ಎಂದು ಬೆಳಕು ಬಿತ್ತು.

ನವ್ಯಶ್ರೀ ಪರದೆ ನೋಡಿ, "ಕಣ್ಣು ಸರಿ ಉಂಟು ಅಮ್ಮ, ಕನ್ನಡಿಯ ಹಾಗೆ" ಎಂದಳು.

ತಿಲಕ್ ಉಸಿರು ಬಿಟ್ಟ. "ಸಾಕು. ಎಂಟು ಗಂಟೆ ಆಯಿತು. ಪ್ರಿಂಟಿಗೆ ಹೊರಡ್ತೇನೆ."

"ನಿಲ್ಲಿ" ಎಂದಳು ಕುಶಲಕ್ಕ. ನಿನ್ನೆಯ ಪಾಠದಿಂದ ಅವಳಿಗೆ ಬುದ್ಧಿ ಬಂದಿತ್ತು. ಒದ್ದೆ ಕೈಯನ್ನು ಸೀರೆಗೆ ಒರೆಸಿ ಹತ್ತಿರ ಬಂದಳು. "ಅದರಲ್ಲಿ ಬೇಡ. ದೊಡ್ಡದರಲ್ಲಿ ತೋರಿಸಿ."

ಅವನು ಲ್ಯಾಪ್‌ಟಾಪ್ ತಂದು ಜಗಲಿಯಲ್ಲಿಟ್ಟ. ಕುಶಲಕ್ಕ ಕಣ್ಣು ನೋಡಿದಳು, ಕಿವಿರು ನೋಡಿದಳು, ಚರ್ಮದ ಹೊಳಪು ನೋಡಿದಳು. ಎಲ್ಲ ಅವಳ ಬುಟ್ಟಿಯದೇ. ಆಮೇಲೆ ಅವಳ ಕಣ್ಣು ಕೆಳಗೆ ಇಳಿಯಿತು. ನೀರು ಅಲ್ಲಿ ನಿಂತಿತ್ತು. ಹುಟ್ಟಿದಂದಿನಿಂದ ಓಡುವುದು, ಬಡಿಯುವುದು, ಎಳೆಯುವುದು ಬಿಟ್ಟು ಬೇರೇನೂ ಮಾಡಿ ತೋರಿಸದ ನೀರು ಮೀನಿನ ಸುತ್ತ ಗಾಜಿನ ಹಾಗೆ ಎದ್ದು ನಿಂತಿತ್ತು. ಒಂದೊಂದು ದಳದ ತುದಿಯಲ್ಲಿ ಒಂದೊಂದು ಮಣಿ. ಮಣಿಯೊಳಗೆ ಅವಳದೇ ಮನೆ ತಲೆಕೆಳಗಾಗಿ ಕಾಣುತ್ತಿತ್ತು. ಅವಳು ಪರದೆಯ ಮೇಲೆ ಬೆರಳಿಟ್ಟು ದಳಗಳನ್ನು ಒಂದೊಂದಾಗಿ ಮುಟ್ಟಿದಳು.

"ಇದು ಆಗದು" ಎಂದಳು ಕಡೆಗೆ.

"ಎಂತ ಆಗದು? ಕಣ್ಣು ಸರಿ ಉಂಟಲ್ಲ ಮಾಮಿ."

"ಕಣ್ಣು ಸರಿ ಇರುವುದು ಮೀನಿನ ಕೆಲಸ. ನಿಮ್ಮ ಕೆಲಸ ಎಲ್ಲಿ? ಈ ಬದಿಯ ದಳ ತುಂಡಾಗಿದೆ ನೋಡಿ. ಇದೊಂದು ಗಿಡ್ಡ. ನಿನ್ನೆ ಗೋಡೆಯಲ್ಲಿದ್ದ ನೀರು ಹೀಗಿತ್ತಾ? ಅದು ಸುತ್ತಲೂ ಸಮ ಇತ್ತು."

ನಿನ್ನೆ ಗೋಡೆಯ ಮುಂದೆ ಕಣ್ಣೊಂದನ್ನು ಬಿಟ್ಟು ಅವಳು ಬೇರೇನನ್ನೂ ನೋಡಲಿಲ್ಲ ಎಂದೇ ತಿಲಕ್ ತಿಳಿದಿದ್ದ.

ಅಲ್ಲಿಂದ ಶುರುವಾಯಿತು. ಬಂಗುಡೆ ಎರಡು ಸಲ ನೀರಿಗೆ ಬಿದ್ದರೆ ಲೋಳೆ ತೊಳೆದು ಹೊಳಪು ಮಾಸುತ್ತದೆ. ಆದ್ದರಿಂದ ಎರಡು ಎಸೆತಕ್ಕೊಂದು ಹೊಸ ಬಂಗುಡೆ. ಮೊನ್ನೆ ಒಂದೇ ಒಂದು ಕೊಟ್ಟವಳು ಈಗ ಬುಟ್ಟಿಗೆ ಕೈ ಹಾಕಿ ಹಾಕಿ ತೆಗೆದಳು. ಎಸೆದ ಮೀನನ್ನು ಮಾರುವ ಹೆಂಗಸಲ್ಲ ಅವಳು. ಅದನ್ನು ಪಕ್ಕದ ಪಾತ್ರೆಗೆ ಹಾಕುತ್ತಿದ್ದಳು, ಪಾತ್ರೆ ತುಂಬಿದಾಗ ನೆರೆಮನೆಗೆ ಹೋಗುತ್ತಿತ್ತು. ಆ ಮಧ್ಯಾಹ್ನ ಎರ್ಮಾಳಿನಲ್ಲಿ ಬಂಗುಡೆ ಸಾರು ಕುದಿಯದ ಒಲೆ ಇರಲಿಲ್ಲ. ಬೆಕ್ಕುಗಳು ಎರಡು ದಿನ ಎದ್ದು ನಿಲ್ಲಲಿಲ್ಲ. ಅಂಗಳದಲ್ಲಿ ನೀರು ಹರಿದು ಬೇಲಿಯ ದಣಪೆ ದಾಟಿ ಸಮುದ್ರದ ಕಡೆ ಹೊರಟಿತು.

ಎಂಟೂವರೆಗೆ ಫೋನು ಬಂತು. ನವ್ಯಶ್ರೀ ಸ್ಪೀಕರಿಗೆ ಹಾಕಿದಳು.

"ಕುಶಲಾ, ಎಲ್ಲಿದ್ದೀಯಾ? ಚರ್ಚಿನ ಪೂಜೆ ಮುಗಿಸಿ ಮಾರ್ಕೆಟ್ಟಿಗೆ ಬಂದು ನಿಂತಿದ್ದೇನೆ" ಎಂದಿತು ಗ್ಲ್ಯಾಡಿಸ್ ಬಾಯಿಯ ದನಿ. "ನನ್ನ ಬಂಗುಡೆ ಎಲ್ಲಿ?"

"ನೀರಿನಲ್ಲಿ ಉಂಟು ಬಾಯಿ. ಇವತ್ತು ಬರುವುದಿಲ್ಲ" ಎಂದು ಕುಶಲಕ್ಕ ಒಂದು ಕೈಯಲ್ಲಿ ಮೀನು ತೂಗುತ್ತಲೇ ಹೇಳಿದಳು. ಅತ್ತ ಕಡೆ ಗ್ಲ್ಯಾಡಿಸ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡಿರಬೇಕು. ಮೂವತ್ತೆರಡು ವರ್ಷದಲ್ಲಿ ಕುಶಲಕ್ಕ ಬುಟ್ಟಿ ಇಡದ ಆದಿತ್ಯವಾರ ಇದೊಂದೇ.

"ಮಾಮಿ, ಒಂಬತ್ತೂಕಾಲು. ಇದು ಸಾಕು, ಕೈಮುಗಿಯುತ್ತೇನೆ."

"ಆರು ದಳ. ಒಂದು ಬದಿ ಖಾಲಿ. ಹಲ್ಲು ಬಿದ್ದವರ ಹಾಗೆ ಉಂಟು. ತೊಟ್ಟಿಗೆ ನೀರು ಇನ್ನೂ ಹಾಕಿ, ಅಂಚಿನವರೆಗೆ. ಅರ್ಧ ತೊಟ್ಟಿಯ ನೀರು ಏಳುವಾಗ ಗಾಜಿಗೆ ತಾಗುತ್ತದೆ. ಮೂರು ತಿಂಗಳಿಂದ ಇದನ್ನೇ ಮಾಡ್ತಿದ್ದೀರಿ, ಅಷ್ಟೂ ಗೊತ್ತಾಗಲಿಲ್ಲವಾ?"

ಅವನು ಅಂಚಿನವರೆಗೆ ನೀರು ತುಂಬಿಸಿದ. ಬುಟ್ಟಿಯಲ್ಲಿ ಎರಡು ಬಂಗುಡೆ ಉಳಿದಿದ್ದವು. ಒಂದನ್ನು ಎಸೆದಳು, ತಲೆ ಅಲ್ಲಾಡಿಸಿದಳು. ಕೊನೆಯದನ್ನು ಕೈಗೆತ್ತಿಕೊಂಡು ಅದರ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿದಳು. ಬಿಸಿಲು ಏರಿತ್ತು, ಇನ್ನು ಕಾಲು ಗಂಟೆ ಕಳೆದರೆ ಆ ಕಣ್ಣೂ ಕೈಕೊಡುವುದಿತ್ತು. ಅವಳು ತೂಗಿ ಬಿಟ್ಟಳು. ಟಪ್.

ಈ ಸಲ ಪರದೆಯಲ್ಲಿ ಏಳು ದಳ ಇದ್ದವು. ಎಲ್ಲವೂ ಒಂದೇ ಎತ್ತರ, ಎಲ್ಲದರ ತುದಿಯಲ್ಲೂ ಮಣಿ. ನಡುವೆ ಬಂಗುಡೆ ಕಣ್ಣರಳಿಸಿಕೊಂಡು ಮೇಲೆ ನೋಡುತ್ತಿತ್ತು. ಕುಶಲಕ್ಕ ಎರಡು ಸಲ ಎಣಿಸಿದಳು.

"ಈಗ ಹೊರಡಿ" ಎಂದಳು.

ತಿಲಕ್ ಆ ದಿನ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಎರ್ಮಾಳಿನಿಂದ ಮಣಿಪಾಲಕ್ಕೆ ಹೋದ ವೇಗಕ್ಕೆ ಹೆದ್ದಾರಿಯ ಬಸ್ಸಿನವರೇ ದಾರಿ ಬಿಟ್ಟರು. ಆ ಬಸ್ಸಿನವರು ಯಮನಿಗೂ ದಾರಿ ಬಿಟ್ಟವರಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹೊಸ ಫೋಟೋ ಗೋಡೆಗೆ ಏರಿತು. ಏಣಿ ಇಳಿಸುವಷ್ಟರಲ್ಲಿ ಜನ ಒಳಗೆ ಬಂದರು.

ಮೊದಲು ಬಂದದ್ದು ಚಂದಣ್ಣ. ಎಪ್ಪತ್ತರ ಮುದುಕ, ಸಮುದ್ರದ ಮೇಲೆ ನೆಲಕ್ಕಿಂತ ಹೆಚ್ಚು ಕಾಲ ಇದ್ದವನು. ಹಿಂದೆ ಕಾಪುವಿನವರು, ಮಲ್ಪೆಯವರು. ಒಬ್ಬರೂ ಕುರ್ಚಿ ಎಳೆಯಲಿಲ್ಲ. ಸಾಲಾಗಿ ಗೋಡೆಯ ಮುಂದೆ ನಿಂತು ಕತ್ತೆತ್ತಿದರು. ಕುಶಲಕ್ಕ ಕೈತೊಳೆಯುವ ಜಾಗದ ಪಕ್ಕ ನಿಂತು ಅವರ ಮುಖ ನೋಡುತ್ತಿದ್ದಳು. ಶೇಖರ ಉಗುರು ಕಚ್ಚುತ್ತಿದ್ದ.

ಚಂದಣ್ಣ ಕಣ್ಣು ಕಿರಿದು ಮಾಡಿ ಬಂಗುಡೆಯ ಕಣ್ಣು ನೋಡಿದ. ಕಿವಿರು ನೋಡಿದ. ಮೂಗು ಹತ್ತಿರ ಒಯ್ದನೋ ಎಂದೂ ಅನ್ನಿಸಿತು.

"ಇವತ್ತು ಬೆಳಗ್ಗಿನದ್ದು" ಎಂದ. "ನನ್ನ ದೋಣಿಯದ್ದೇ."

ಎಲ್ಲರೂ ತಲೆಯಾಡಿಸಿ ಕುಳಿತರು. ಹೆಸರು ಉಳಿಯಿತು. ಊಟ ಬಂತು. ತಟ್ಟೆಗಳ ಸದ್ದು ಎದ್ದಿತು. ಗೋಡೆಯನ್ನು ಮತ್ತೆ ಯಾರೂ ನೋಡಲಿಲ್ಲ.

ಕುಶಲಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಂದಣ್ಣನ ಮೇಜಿಗೆ ಹೋದಳು.

"ನೀರು ಹೇಗುಂಟು ಚಂದಣ್ಣ?"

ಅವನು ಲೋಟ ಎತ್ತಿ ನೋಡಿದ. "ಬಿಸಿ ಉಂಟು."

"ಗೋಡೆಯ ನೀರು."

"ಓ, ಅದಾ." ಅವನು ಮೀನಿನ ಮುಳ್ಳು ತೆಗೆಯುತ್ತಲೇ ಅಂದ. "ಅದರಲ್ಲಿ ಎಂತ ಉಂಟು? ಮೀನು ಬಿದ್ದರೆ ನೀರು ಏಳದೆ ಇರ್ತದಾ?"

ಕುಶಲಕ್ಕ ಅವನನ್ನು ನೋಡಿದ ನೋಟಕ್ಕೆ ಮೂರು ದಿನದ ಬಂಗುಡೆಯಾಗಿದ್ದರೆ ಎದ್ದು ಓಡುತ್ತಿತ್ತು. ಎಪ್ಪತ್ತು ವರ್ಷ ನೀರಿನ ಮೇಲೆ ತೇಲಿದರೂ ನೀರು ಎಂದರೆ ಎಂತ ಎಂದು ಗೊತ್ತಾಗದ ಜನ. ಹೊಟ್ಟೆಗೆ ಹೋಗುವುದು ಮಾತ್ರ ಕಾಣುವ ಕಣ್ಣು. ಆ ಹೋಟೆಲಿನಲ್ಲಿ ಕುಳಿತವರೆಲ್ಲ ಹಾಗೆಯೇ ಇದ್ದರು. ಬಾಗಿಲ ಬಳಿ ನಿಂತು ಗೋಡೆ ನೋಡುತ್ತಿದ್ದ ತಿಲಕ್ ಒಬ್ಬನನ್ನು ಬಿಟ್ಟು.

ಅವಳು ಚಂದಣ್ಣನ ತಟ್ಟೆಯನ್ನು ಎತ್ತಿ, ಮೇಜಿನ ಆಚೆ ಬದಿಗೆ, ಫೋಟೋ ಎದುರಾಗುವ ಹಾಗೆ ಇಟ್ಟಳು.

"ಇತ್ತ ಬಂದು ಕೂತುಕೊಳ್ಳಿ. ನೋಡುತ್ತ ತಿನ್ನಿ."

"ಎಂತಕ್ಕೆ ಮಾರಾಯ್ತಿ?"

"ದಳ ಎಷ್ಟು ಉಂಟು ಹೇಳಿ. ಹೇಳಿದ ಮೇಲೆ ಇನ್ನೊಂದು ಬಂಗುಡೆ ಹಾಕಿಸ್ತೇನೆ."

ಚಂದಣ್ಣ ಸಾರು ತಾಗಿದ ಬೆರಳನ್ನು ಗೋಡೆಯ ಕಡೆ ಎತ್ತಿ ಒಂದು, ಎರಡು ಎಂದು ಎಣಿಸತೊಡಗಿದ. ನಾಲ್ಕರಲ್ಲಿ ಲೆಕ್ಕ ತಪ್ಪಿತು. ಕುಶಲಕ್ಕ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕುಳಿತಳು.

"ಮೊದಲಿನಿಂದ" ಎಂದಳು.